ಹೊಟ್ಟೆಬಾಕ ಪಿಕಪ್‌ನ ನೂರು ವರ್ಷ

ಅಮೆರಿಕದಲ್ಲಿ ಹೊಸ ಕಾರು ಕೊಳ್ಳಲು ಹೋದರೆ ಅದರ ಕಿಟಕಿಗೆ ಅಂಟಿಸಿದ ಚೀಟಿಯಲ್ಲಿ ಮೈಲೇಜ್ ಬರೆದಿರುತ್ತದೆ: ಊರೊಳಗೆ ಇಷ್ಟು, ಹೆದ್ದಾರಿಯಲ್ಲಿ ಇಷ್ಟು. ಸಾಧಾರಣ ಪಿಕಪ್‌ಗೂ ಆ ಚೀಟಿ ಉಂಟು. ಆದರೆ ಸರಕು ಸೇರಿ 8,500 ಪೌಂಡ್, ಅಂದರೆ 3,855 ಕಿಲೋಗಿಂತ ಹೆಚ್ಚು ತೂಗಬಲ್ಲ ದೊಡ್ಡ ಪಿಕಪ್‌ಗಳಿಗೆ ಆ ಚೀಟಿ ಕಡ್ಡಾಯವಲ್ಲ. ಎಲ್ಲಕ್ಕಿಂತ ಹೆಚ್ಚು ಕುಡಿಯುವ ಗಾಡಿ ಎಷ್ಟು ಕುಡಿಯುತ್ತದೆ ಎಂದು ಹೇಳುವ ಹಂಗು ಮಾರುವವನಿಗಿಲ್ಲ.

ನಾನು ಹಾಸನದವನು. ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ಸುತ್ತಿ, ಕೊನೆಗೆ ಮಿಶಿಗನ್ ರಾಜ್ಯದ ಆನ್ ಆರ್ಬರ್ ಹೊರವಲಯದ ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿದು ನಿಂತವನು. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಪಿಕಪ್‌ನವರೇ. ರೈತರು, ಬಡಗಿಗಳು, ಮಾಡಿನ ಕೆಲಸದವರು, ರಜೆಯಲ್ಲಿ ದೋಣಿ ಎಳೆದುಕೊಂಡು ಸರೋವರಕ್ಕೆ ಹೋಗುವವರು. ಎಲ್ಲರ ದೂರೂ ಒಂದೇ: ಲೀಟರಿಗೆ ಐದು ಕಿಲೋಮೀಟರೂ ಕೊಡುತ್ತಿಲ್ಲ, ಇದಕ್ಕೆ ಏನಾಗಿದೆ ನೋಡು. ಎಷ್ಟೋ ಸಲ ಗಾಡಿಗೆ ಏನೂ ಆಗಿರುವುದಿಲ್ಲ, ಅದು ಹುಟ್ಟಿದ್ದೇ ಹಾಗೆ. ಯಾಕೆ ಹಾಗೆ ಹುಟ್ಟಿತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಕಥೆಯಲ್ಲಿ ಎಂಜಿನ್‌ಗಿಂತ ಕಾನೂನಿನ ಪಾಲೇ ದೊಡ್ಡದು.

ನಮ್ಮ ಗ್ಯಾರೇಜಿನಿಂದ ಒಂದು ಗಂಟೆಯೊಳಗೆ ಡಿಯರ್‌ಬಾರ್ನ್ ಮುಟ್ಟಬಹುದು, ಫೋರ್ಡ್ ಕಂಪನಿಯ ತವರು. 1925ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿನ ಹಿಂಬದಿಗೆ ಉಕ್ಕಿನ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರತೊಡಗಿತು. ಅದಕ್ಕೂ ಮೊದಲು ರೈತರು ತಾವೇ ಕಾರಿನ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಬಡಿಸಿಕೊಳ್ಳುತ್ತಿದ್ದರು. ಎಂಜಿನ್ 2.9 ಲೀಟರಿನದು, ಶಕ್ತಿ 20 ಎಚ್‌ಪಿ. ಮಾಡೆಲ್ ಟಿ ಗ್ಯಾಲನ್ನಿಗೆ 13ರಿಂದ 21 ಮೈಲಿ ಓಡುತ್ತಿತ್ತು, ನಮ್ಮ ಲೆಕ್ಕದಲ್ಲಿ ಲೀಟರಿಗೆ ಐದೂವರೆಯಿಂದ ಒಂಬತ್ತು ಕಿಲೋಮೀಟರ್. ಇವತ್ತಿನ ದೊಡ್ಡ ಪೆಟ್ರೋಲ್ ಪಿಕಪ್ ಓಡುವುದೂ ಹೆಚ್ಚುಕಡಿಮೆ ಈ ಗೆರೆಗಳ ನಡುವೆಯೇ. ಹಾಗಾದರೆ ನೂರು ವರ್ಷದ ಎಂಜಿನಿಯರಿಂಗ್ ಎಲ್ಲಿ ಹೋಯಿತು? ಶಕ್ತಿಗೆ ಹೋಯಿತು, ತೂಕಕ್ಕೆ ಹೋಯಿತು. ಆ ಗಾಡಿ ಮುಕ್ಕಾಲು ಟನ್ನಿನ ಆಸುಪಾಸಿನದು. ಈಗಿನದು ಎರಡು ಟನ್ ದಾಟಿದೆ, ಎಂಜಿನ್ ಮುನ್ನೂರು ನಾನೂರು ಎಚ್‌ಪಿಯದು.

ಅಮೆರಿಕದಲ್ಲಿ ಪಿಕಪ್ಪೂ ಟ್ರಕ್ಕಿನ ಲೆಕ್ಕವೇ. ಇಂಧನದ ವಿಷಯದಲ್ಲಿ ಸರ್ಕಾರ ಟ್ರಕ್ಕನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ರಬ್ಬರ್ ತೋಟಗಳ ಆಗ್ನೇಯ ಏಷ್ಯಾ ಜಪಾನಿನ ಕೈಸೇರಿತ್ತು. ಟೈರ್ ಉಳಿಸಬೇಕೆಂದೇ 1942ರಲ್ಲಿ ಪೆಟ್ರೋಲಿಗೆ ರೇಷನ್ ಬಂತು, ವೇಗದ ಮಿತಿ ಗಂಟೆಗೆ 35 ಮೈಲಿಗೆ ಇಳಿಯಿತು. ಮಾಮೂಲಿ ಕಾರಿನ ಗಾಜಿಗೆ ‘ಎ’ ಚೀಟಿ, ವಾರಕ್ಕೆ ಮೂರು ನಾಲ್ಕು ಗ್ಯಾಲನ್. ಟ್ರಕ್ಕಿಗೆ ಬೇರೆಯೇ ‘ಟಿ’ ಚೀಟಿ. ಅದು ನ್ಯಾಯವಾಗಿಯೇ ಇತ್ತು. ಟ್ರಕ್ಕು ಎಂದರೆ ಹಾಲು, ಧಾನ್ಯ, ಕಾರ್ಖಾನೆಯ ಸಾಮಾನು. ಅದು ನಿಂತರೆ ಊರು ನಿಲ್ಲುತ್ತದೆ. ಟ್ರಕ್ಕು ದುಡಿಯುವ ಗಾಡಿ, ಅದಕ್ಕೆ ರಿಯಾಯಿತಿ ಇರಲಿ ಎಂಬ ಆ ಮಾತು ಯುದ್ಧ ಮುಗಿದ ಮೇಲೂ ಉಳಿದುಕೊಂಡಿತು. ದುಡಿಮೆ ಬಿಟ್ಟ ಟ್ರಕ್ಕುಗಳಿಗೂ ಅದೇ ರಿಯಾಯಿತಿ ಸಿಗುತ್ತಾ ಹೋಯಿತು.

1948ರಲ್ಲಿ ಫೋರ್ಡ್‌ನ ಎಫ್ ಸರಣಿ ಬಂತು. ಪೆಟ್ರೋಲ್ ಅಗ್ಗ, ಎಂಜಿನ್ನಿನ ಗಾತ್ರ ಕೇಳುವವರಿಲ್ಲ. 1964ರಲ್ಲಿ ಇನ್ನೊಂದು ಬೇಲಿ ಎದ್ದಿತು. ಫ್ರಾನ್ಸ್, ಪಶ್ಚಿಮ ಜರ್ಮನಿಗಳು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊರಗಿನಿಂದ ಬರುವ ಹಗುರ ಟ್ರಕ್ಕುಗಳಿಗೆ ಶೇ 25 ಸುಂಕ ಹಾಕಿದರು. ಕೋಳಿಯ ಜಗಳ ಮರೆತುಹೋಯಿತು, ಟ್ರಕ್ಕಿನ ಸುಂಕ ಉಳಿಯಿತು. ಕಡಿಮೆ ಕುಡಿಯುವ ಪುಟ್ಟ ವಿದೇಶಿ ಟ್ರಕ್ಕುಗಳಿಗೆ ಬಾಗಿಲು ಕಿರಿದಾಯಿತು, ಡೆಟ್ರಾಯಿಟ್‌ನ ಕಾರು ಕಂಪನಿಗಳಿಗೆ ದೊಡ್ಡದನ್ನೇ ಮಾಡುವ ಧೈರ್ಯ ಬಂತು.

ನಿಜವಾದ ಪೆಟ್ಟು ಬಿದ್ದದ್ದು 1973ರ ಅಕ್ಟೋಬರಿನಲ್ಲಿ. ಇಸ್ರೇಲ್‌ಗೆ ಬೆಂಬಲ ಕೊಟ್ಟ ಸಿಟ್ಟಿಗೆ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಬಂಕುಗಳ ಮುಂದೆ ಸಾಲು; ನಂಬರ್ ಪ್ಲೇಟಿನ ಕೊನೆಯ ಅಂಕಿ ಬೆಸವೋ ಸಮವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರಿನ ಮಿತಿಗೆ ಸಹಿ ಹಾಕಿದರು. ಮರುವರ್ಷ ಬಂದ ಕಾನೂನು ಪ್ರತಿ ಕಂಪನಿಯ ಕಾರುಗಳ ಸರಾಸರಿ ಮೈಲೇಜ್ 1985ರ ವೇಳೆಗೆ ಗ್ಯಾಲನ್ನಿಗೆ 27.5 ಮೈಲಿ ಮುಟ್ಟಬೇಕೆಂದಿತು. ಟ್ರಕ್ಕುಗಳಿಗೆ ಬೇರೆ ಅಳತೆ: 1979ರಲ್ಲಿ ಎರಡು ಚಕ್ರ ಎಳೆಯುವ ಹಗುರ ಟ್ರಕ್ಕಿಗೆ 17.2. 1996ರಿಂದ 2004ರವರೆಗೆ ಅದು 20.7ರಲ್ಲೇ ನಿಂತುಬಿಟ್ಟಿತು. 8,500 ಪೌಂಡ್ ದಾಟಿದ್ದಕ್ಕೆ ಆಗ ಅಳತೆಯೇ ಇರಲಿಲ್ಲ.

ತೂಕದ ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಗ್ಯಾರೇಜಿಗೆ ಅತಿ ಹೆಚ್ಚು ಬರುವ ಹೆಸರೇ ಸಾಕ್ಷಿ. 1975ರಲ್ಲಿ ಹೊಗೆಯ ನಿಯಮದಿಂದಾಗಿ 6,000 ಪೌಂಡ್ ಒಳಗಿನ ಗಾಡಿಗಳಿಗೆ ಕೆಟಲಿಟಿಕ್ ಕನ್ವರ್ಟರ್ ಮತ್ತು ಸೀಸವಿಲ್ಲದ ಪೆಟ್ರೋಲ್ ಬೇಕಾಯಿತು. ಫೋರ್ಡ್ ಅದೇ ವರ್ಷ ತನ್ನ ಎಫ್-100ರ ಪಕ್ಕದಲ್ಲಿ ಒಂದಿಷ್ಟು ಹೆಚ್ಚು ಭಾರ ಹೊರುವ ಎಫ್-150 ನಿಲ್ಲಿಸಿತು. ಅದು 6,000ದ ಗೆರೆಯಾಚೆಯದು, ಸೀಸ ಬೆರೆತ ಅಗ್ಗದ ಪೆಟ್ರೋಲೇ ಸಾಕು. ಅಮೆರಿಕದ ಅತಿ ಪ್ರಸಿದ್ಧ ಪಿಕಪ್ ಹುಟ್ಟಿದ್ದು ನಿಯಮದ ಸಂದಿಯಲ್ಲಿ. 1977ರಿಂದ ಆ ದೇಶದ ಟ್ರಕ್ ಮಾರಾಟದಲ್ಲಿ ಎಫ್ ಸರಣಿಯೇ ಮೊದಲು.

ಇಷ್ಟಾದರೂ ಹಸಿವು ತಗ್ಗಿಸುವ ಪ್ರಯತ್ನ ನಿಂತಿರಲಿಲ್ಲ. ಜನರಲ್ ಮೋಟಾರ್ಸ್ 1978ರಲ್ಲಿ 5.7 ಲೀಟರಿನ ಓಲ್ಡ್ಸ್‌ಮೊಬೈಲ್ ಡೀಸೆಲ್ ಎಂಜಿನ್ ತಂದು ಪಿಕಪ್‌ಗೂ ಕೂರಿಸಿತು. ಡೀಸೆಲ್ ಎಂಜಿನ್ನಿನೊಳಗಿನ ಒತ್ತಡ ಪೆಟ್ರೋಲ್ ಎಂಜಿನ್ನಿಗಿಂತ ಎಷ್ಟೋ ಹೆಚ್ಚು. ಹೆಡ್ ಬಿಗಿಯುವ ಬೋಲ್ಟ್‌ಗಳು ಮಾತ್ರ ಪೆಟ್ರೋಲ್ ಎಂಜಿನ್ನಿನ ಲೆಕ್ಕದವೇ ಉಳಿದವು. ಡೀಸೆಲ್‌ನಲ್ಲಿ ಬೆರೆತ ನೀರು ಬೇರ್ಪಡಿಸುವ ಫಿಲ್ಟರೂ ಇರಲಿಲ್ಲ. ಬೋಲ್ಟ್ ಹಿಗ್ಗಿದವು, ಗ್ಯಾಸ್ಕೆಟ್ ಹೋದವು, ಪಂಪು ತುಕ್ಕು ಹಿಡಿಯಿತು. ಒಂದು ತಲೆಮಾರಿನ ಅಮೆರಿಕನ್ನರಿಗೆ ಡೀಸೆಲ್ ಎಂದರೆ ಭಯ ಹುಟ್ಟಿತು. 1989ರಲ್ಲಿ ಡಾಡ್ಜ್ ಪಿಕಪ್‌ಗೆ ಕಮಿನ್ಸ್ ಕಂಪನಿಯ 5.9 ಲೀಟರ್ ಟರ್ಬೊ ಡೀಸೆಲ್ ಬಂದ ಮೇಲೆ ಆ ಭಯ ಬಿಡತೊಡಗಿತು. ಅದು ಲಾರಿ, ಯಂತ್ರಗಳ ಕೆಲಸಕ್ಕೆಂದೇ ಮಾಡಿದ ಎಂಜಿನ್.

ಎಂಟು ಸಿಲಿಂಡರ್‌ಗಳಲ್ಲಿ ಕೆಲವನ್ನು ಮಲಗಿಸಿ ಓಡಿಸುವ ಉಪಾಯವನ್ನು ಕ್ಯಾಡಿಲಾಕ್ 1981ರಲ್ಲೇ ಕಾರಿನಲ್ಲಿ ಮಾಡಿ ಸೋತಿತು. ಆ ಕಾಲದ ಕಂಪ್ಯೂಟರಿಗೆ ಅಷ್ಟು ಚುರುಕಿರಲಿಲ್ಲ. ಪಿಕಪ್‌ಗಳಲ್ಲಿ ಅದು ನೆಲೆ ನಿಂತದ್ದು 2000ದ ದಶಕದಲ್ಲಿ. 2011ರಲ್ಲಿ ಫೋರ್ಡ್ ಎಂಟರ ಬದಲು ಆರು ಸಿಲಿಂಡರ್, ಜೊತೆಗೆ ಎರಡು ಟರ್ಬೊ ಕೊಟ್ಟಿತು. 2015ರಲ್ಲಿ ಎಫ್-150ಯ ಬಾಡಿಯನ್ನು ಅಲ್ಯೂಮಿನಿಯಂನಲ್ಲಿ ಮಾಡಿ 700 ಪೌಂಡ್‌ವರೆಗೆ ತೂಕ ಇಳಿಸಿತು. ಬರಬರುತ್ತ ಹತ್ತು ಗೇರುಗಳೂ ಬಂದವು. ಇವೆಲ್ಲ ದಿಟವಾದ ಉಳಿತಾಯಗಳು. ಆದರೆ ಉಳಿಸಿದ್ದರಲ್ಲಿ ಒಂದು ಪಾಲನ್ನು ನಾಲ್ಕು ಬಾಗಿಲಿನ ಕ್ಯಾಬಿನ್, ಎತ್ತರದ ಮೂತಿ, ಹೆಚ್ಚು ಎಳೆಯುವ ಬಲ ತಿಂದುಹಾಕಿದವು. 2007ರ ಬಳಿಕ ಮೈಲೇಜಿನ ಗುರಿಯನ್ನು ಚಕ್ರಗಳ ನಡುವಿನ ವಿಸ್ತೀರ್ಣಕ್ಕೆ ಕಟ್ಟಲಾಯಿತು: ಗಾಡಿ ಅಗಲ, ಉದ್ದ ಬೆಳೆದಷ್ಟೂ ಗುರಿ ಸಡಿಲ. ರಿಯಾಯಿತಿ ಮತ್ತೆ ದೊಡ್ಡದಕ್ಕೇ.

ಇದರ ಜೊತೆಜೊತೆಗೆ ಜನರ ಮನೆಮದ್ದಿನ ಇತಿಹಾಸವೂ ಓಡುತ್ತದೆ. 1930ರ ದಶಕದಲ್ಲಿ ಕೆನಡಾದ ಚಾರ್ಲ್ಸ್ ನೆಲ್ಸನ್ ಪೋಗ್‌ನ ಕಾರ್ಬ್ಯುರೇಟರ್ ಗ್ಯಾಲನ್ನಿಗೆ 200 ಮೈಲಿ ಕೊಡುತ್ತದೆಂದು ಸುದ್ದಿ ಹಬ್ಬಿತು. ಆ ಪವಾಡ ಅಂಗಡಿಗೆ ಬರಲೇ ಇಲ್ಲ. ಆಮೇಲೆ ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಗಾಳಿ ಸುಳಿಸುವ ಫ್ಯಾನು, ಟ್ಯಾಂಕಿಗೆ ಹಾಕುವ ಗುಳಿಗೆ. ನಮ್ಮ ಆನ್ ಆರ್ಬರ್‌ನಲ್ಲೇ ಇರುವ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಯೋಗಾಲಯ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಬೆರಳೆಣಿಕೆಯವು ಮಾತ್ರ ಅಷ್ಟಿಷ್ಟು ಉಳಿಸುತ್ತವೆ ಎಂದಿತು. ಆದರೂ ಇಂದಿಗೂ ಬಾನೆಟ್ ಎತ್ತಿದರೆ ಅಯಸ್ಕಾಂತ ಕಾಣಿಸುವುದುಂಟು.

ಹಿಂಬಾಗಿಲು ಇಳಿಸಿ ಓಡಿಸುವುದು ಮತ್ತೊಂದು ರೂಢಿ. ಗಾಳಿ ಆ ಬಾಗಿಲಿಗೆ ಬಡಿದು ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆಂಬ ನಂಬಿಕೆ. ಬಾಗಿಲು ಕಿತ್ತು ಬಲೆ ಕಟ್ಟುವವರೂ ಇದ್ದರು. ಗಾಳಿ ಸುರಂಗದಲ್ಲಿ ಇಟ್ಟು ನೋಡಿದರೆ ವಿಷಯ ತಿರುಗುಮುರುಗು. ಬಾಗಿಲು ಮುಚ್ಚಿದ್ದರೆ ತೊಟ್ಟಿಯೊಳಗೆ ಗಾಳಿಯೊಂದು ಸುಳಿ ಕಟ್ಟಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಬಾಗಿಲು ಇಳಿಸಿದರೆ ಸುಳಿ ಒಡೆದು ಎಳೆತ ಹೆಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು? ನಾನು ಮೊದಲು ಕೇಳುವುದು ಟೈರಿನ ಅಳತೆ. ಚೆಂದಕ್ಕೆಂದು ಸುತ್ತಳತೆ ಶೇ 10 ಹೆಚ್ಚಿರುವ ಟೈರ್ ಹಾಕಿದ್ದರೆ, ಮೀಟರನ್ನು ಅದಕ್ಕೆ ಹೊಂದಿಸದಿದ್ದರೆ, ಓಡಿದ ದೂರ ಕಡಿಮೆ ತೋರಿಸುತ್ತದೆ. ದೂರಿನ ಒಂದು ಪಾಲು ಅಲ್ಲೇ ಕರಗುತ್ತದೆ. ಆಮೇಲೆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸುತ್ತೇನೆ. ಮಿಶಿಗನ್‌ನಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ, ಬ್ರೇಕ್ ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದು ಬ್ರೇಕ್ ಸದಾ ಉಜ್ಜುತ್ತಿರುತ್ತದೆ. ತೆರೆದೇ ಉಳಿದ ಥರ್ಮೋಸ್ಟಾಟ್ ಎಂಜಿನ್ ಬಿಸಿಯಾಗಲು ಬಿಡುವುದಿಲ್ಲ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಕೆಟ್ಟ ಆಕ್ಸಿಜನ್ ಸೆನ್ಸರ್ ಎಲ್ಲಕ್ಕಿಂತ ದುಬಾರಿ ಕಳ್ಳ. ಏರ್ ಫಿಲ್ಟರ್ ಬದಲಿಸುವುದು ಕಾರ್ಬ್ಯುರೇಟರ್ ಕಾಲದಲ್ಲಿ ಮೈಲೇಜಿಗೆ ನೆರವಾಗುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಅದರಿಂದ ವೇಗ ಏರಿಸಿಕೊಳ್ಳುವ ಚುರುಕು ಸುಧಾರಿಸೀತು, ಮೈಲೇಜ್ ಏರದು ಎಂದು ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ತೋರಿಸಿದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಉಳಿಯುವುದು ಡ್ರೈವರಿನ ಕಾಲು. ನಮ್ಮಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್. ಡಿಪೋದಲ್ಲಿ ಪ್ರತಿಯೊಬ್ಬರ ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಇಡುತ್ತಿದ್ದರು, ಕಡಿಮೆಯಾದರೆ ಕೇಳುತ್ತಿದ್ದರು. ಶಿರಾಡಿ ಘಾಟಿಯಲ್ಲಿ ಬಸ್ ಇಳಿಸಿ ಹತ್ತಿಸಿದ ಅಪ್ಪ ಹೇಳುತ್ತಿದ್ದದ್ದು: “ಸುಮ್ಮಸುಮ್ಮನೆ ಬ್ರೇಕ್ ತುಳಿಯೋದು ಅಂದ್ರೆ ಡೀಸಲ್ ರಸ್ತೆಗೆ ಚೆಲ್ಲಿದ ಹಾಗೆ ಕಣೋ.” ಅಮೆರಿಕದ ಹೆದ್ದಾರಿಗೆ ನಾನು ಒಂದು ಮಾತು ಸೇರಿಸುತ್ತೇನೆ: ವೇಗ. ಗಂಟೆಗೆ 55 ಮೈಲಿಯಲ್ಲಿದ್ದ ಗಾಳಿಯ ತಡೆ 75ಕ್ಕೆ ಹೋದಾಗ 1.86 ಪಟ್ಟಾಗುತ್ತದೆ. ಎತ್ತರದ ಮೂತಿಯ ಪಿಕಪ್‌ಗೆ ಇದರ ಏಟು ಸಣ್ಣದಲ್ಲ. ಆ 55ರ ಮಿತಿಯನ್ನು 1995ರಲ್ಲಿ ಪೂರ್ತಿ ಕಿತ್ತುಹಾಕಿದರು.

ಇಷ್ಟು ದೊಡ್ಡ ಗಾಡಿಯಲ್ಲಿ ಒಂದು ಕಿಲೋಮೀಟರ್ ಹೆಚ್ಚಾದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಪಿಕಪ್ ಲೀಟರಿಗೆ 4ರಿಂದ 5ಕ್ಕೆ ಏರಿದರೆ 3,000 ಲೀಟರಿನ ಜಾಗದಲ್ಲಿ 2,400 ಸಾಕು, ಉಳಿತಾಯ 600 ಲೀಟರ್. ಅಷ್ಟೇ ಓಡುವ ಪುಟ್ಟ ಕಾರು 15ರಿಂದ 20ಕ್ಕೆ ಜಿಗಿದರೂ ಉಳಿಯುವುದು 200 ಲೀಟರ್. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎತ್ತಿ ತೋರಿಸಿದ್ದು ಈ ಭ್ರಮೆಯನ್ನೇ. ಅಂದರೆ ಯಾವ ಗಾಡಿಯಲ್ಲಿ ಸಣ್ಣ ಸುಧಾರಣೆಯೂ ಅತಿ ಹೆಚ್ಚು ಉಳಿಸುತ್ತದೋ, ಅದೇ ಗಾಡಿಯನ್ನು ಕಾನೂನು ಅರ್ಧ ಶತಮಾನ ಅತಿ ಹೆಚ್ಚು ಸಡಿಲ ಬಿಟ್ಟಿತು. 2025ರ ಜುಲೈನಲ್ಲಿ ಸಹಿಯಾದ ಕಾನೂನು ಮೈಲೇಜ್ ಗುರಿ ತಪ್ಪಿದ ಕಂಪನಿಗಳಿಗಿದ್ದ ದಂಡವನ್ನೂ ಸೊನ್ನೆ ಮಾಡಿದೆ.

ಆದ್ದರಿಂದ ಪಿಕಪ್ ಇಟ್ಟುಕೊಂಡಿರುವವರು ಚೀಟಿಗೆ ಕಾಯಬೇಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರ್ ಬರೆದಿಟ್ಟುಕೊಳ್ಳಿ, ಮತ್ತೆ ತುಂಬಿಸಿದಾಗ ಭಾಗಿಸಿ ನೋಡಿ. ಟೈರಿನ ಗಾಳಿ, ಬ್ರೇಕ್, ಸೆನ್ಸರ್, ವೇಗ, ಈ ನಾಲ್ಕನ್ನು ಸರಿಮಾಡಿ ಇನ್ನೊಮ್ಮೆ ಭಾಗಿಸಿ. ಅಯಸ್ಕಾಂತದ ದುಡ್ಡು ಜೇಬಿನಲ್ಲೇ ಇರಲಿ.