124.80 ಅಡಿಯ ಇನ್ನೊಂದು ಓದು: ಕನ್ನಂಬಾಡಿ ಹಿನ್ನೀರು ಮತ್ತು ಎತ್ತರದ ಜಲಾಶಯಗಳ ಸ್ಕೂಬಾ ಚರಿತ್ರೆ

ಎತ್ತರದ ಸರೋವರಗಳಲ್ಲಿ ಮುಳುಗುವ ವಿದ್ಯೆಯ ಚರಿತ್ರೆ ಎಂದೊಡನೆ 1968ರಲ್ಲಿ ಸಾಗರಾನ್ವೇಷಕ ಜಾಕ್ ಕುಸ್ಟೊ ಅವರ ತಂಡ ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರಕ್ಕೆ ಇಳಿದದ್ದನ್ನು ಹೇಳುವುದು ರೂಢಿ. 3,812 ಮೀಟರ್ ಎತ್ತರದ ಆ ನೀರಿನ ಮುಂದೆ ಕೆ. ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯ ದಕ್ಷಿಣಕ್ಕೆ ಹರಡಿದ ಕನ್ನಂಬಾಡಿ ಹಿನ್ನೀರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಅಲಕ್ಷ್ಯದ ಬೇರು ಇರುವುದು 1908ರ ಒಂದು ಪ್ರಬಂಧದ ತಪ್ಪು ಓದಿನಲ್ಲಿ.

ಆ ಪ್ರಬಂಧ ಬಾಯ್ಕಾಟ್, ಡಾಮಂಟ್ ಮತ್ತು ಜೆ. ಎಸ್. ಹಾಲ್ಡೇನ್ ಅವರದು. ಒತ್ತಡದ ಕೋಣೆಯಲ್ಲಿ ಆಡುಗಳನ್ನಿಟ್ಟು ಅವರು ಕಂಡುಕೊಂಡದ್ದು ಇಷ್ಟು: ಒಟ್ಟು ಒತ್ತಡ ಅರ್ಧಕ್ಕೆ ಇಳಿಯುವವರೆಗೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿ ಕೇಡು ಮಾಡುವುದಿಲ್ಲ. ಇದು ಅನುಪಾತದ ನಿಯಮ. ಮುಳುಗಿದವರು ಮೇಲೇರಬೇಕಾದ ಕ್ರಮದ ಅವರ ಕೋಷ್ಟಕ ಅಡಿಗಳಲ್ಲಿ ಅಚ್ಚಾದ ಕಾರಣ ಬಳಸಿದವರು ಅದನ್ನು ಆಳದ ನಿಯಮವಾಗಿ ಓದಿದರು. ಸಮುದ್ರದಲ್ಲಿ ಎರಡೂ ಒಂದೇ, ಏಕೆಂದರೆ ಮೇಲಿನ ಗಾಳಿಯ ಭಾರ ಎಲ್ಲ ಕಡೆಯೂ ಹೆಚ್ಚುಕಡಿಮೆ ಸಮ. ಸುಮಾರು 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ. ಕನ್ನಂಬಾಡಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 752.50 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ತೀರದ ಒತ್ತಡದ ಶೇ. 91ರಷ್ಟೇ ಇರುವುದರಿಂದ 9.4 ಮೀಟರಿಗೇ ಇಮ್ಮಡಿ. ಹಾಲ್ಡೇನ್ ಅವರನ್ನು ದೂರುವಂತಿಲ್ಲ. 1911ರಲ್ಲಿ ಅವರೇ ಅಮೆರಿಕದ ಪೈಕ್ಸ್ ಪೀಕ್ ಏರಿ ತೆಳುಗಾಳಿಯ ಉಸಿರಾಟವನ್ನು ಅಭ್ಯಸಿಸಿದವರು. ಎತ್ತರಕ್ಕೆ ತಕ್ಕ ತಿದ್ದುಪಡಿ ಮಾತ್ರ 1960ರ ದಶಕದಲ್ಲಿ ಕ್ರಾಸ್ ಎಂಬುವರಿಂದ, ಆಮೇಲೆ ಜ್ಯೂರಿಕ್‌ನ ಬ್ಯೂಲ್ಮನ್ ಎಂಬುವರಿಂದ ಬಂತು.

ಈಗ ಮಂಡ್ಯದ ಪ್ರತಿ ರೈತನ ಬಾಯಲ್ಲಿರುವ 124.80 ಅಡಿಗೆ ಬರೋಣ. ಕಟ್ಟೆ ತುಂಬಿದಾಗ ಅದರ ಮಾಪಕ ತೋರುವ ಈ ಅಂಕಿ ಮೀಟರಿನಲ್ಲಿ 38.04. ಹವ್ಯಾಸಿ ಸ್ಕೂಬಾದ ಮಿತಿ 40 ಮೀಟರ್. ಹಾಗಾಗಿ ಇದು ಮಿತಿಯ ಒಳಗೇ ಇದೆ ಎಂದು ಓದುವುದು ಸುಲಭ. ಆದರೆ ಅನುಪಾತದ ನಿಯಮದಂತೆ 38.04ನ್ನು ಇಲ್ಲಿನ ಗಾಳಿಯ ಒತ್ತಡದ ಪಾಲಾದ 0.914ರಿಂದ ಭಾಗಿಸಿದರೆ ಸಮುದ್ರದಲ್ಲಿ ಇದಕ್ಕೆ ಸಮನಾದ ಆಳ 41.6 ಮೀಟರ್ ಎಂದು ಬರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಲೆಕ್ಕ ಸರಿದೂಗುತ್ತದೆ ಎಂಬ ಆಕ್ಷೇಪವುಂಟು. ಆ ಹಗುರ ಶೇ. 2.5ರಷ್ಟು, ಗಾಳಿಯ ಕೊರತೆ ಶೇ. 8.6. ರಿಯಾಯಿತಿ ಕೊಟ್ಟ ಮೇಲೂ 40.6 ಮೀಟರ್ ಉಳಿದು ಮಿತಿ ಮೀರುತ್ತದೆ. (ಹೂಳು ತುಂಬಿದ ಕಡೆ ಅಷ್ಟು ಆಳ ಸಿಗದು, ಕಟ್ಟೆಯ ಬುಡದಲ್ಲಿ ಮುಳುಗುವ ಮಾತೂ ಇಲ್ಲ, ನನ್ನ ವಾದ ಅಂಕಿಯ ಓದಿನ ಬಗ್ಗೆ.)

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಬೂಕನಕೆರೆಯಲ್ಲೇ ಹುಟ್ಟಿ ಬೆಳೆದವನ ಮೈ ಈ ತೆಳುಗಾಳಿಗೆ ಒಗ್ಗಿದೆಯಲ್ಲ? ಒಗ್ಗಿದೆ, ನಿಜ. ಮಂಗಳೂರಿನಿಂದ ಅದೇ ದಿನ ಬಂದಿಳಿದವನ ಮೈಯಲ್ಲಿರುವ ಹೆಚ್ಚುವರಿ ಸಾರಜನಕ ಅವನಲ್ಲಿಲ್ಲ. ಆದರೆ ಮೇಲೆ ಬರುವಾಗ ಅವನ ತಲೆಯ ಮೇಲಿರುವುದೂ ಅದೇ ಕಡಿಮೆ ಗಾಳಿ. ಒಗ್ಗುವಿಕೆ ಮೊದಲ ಮೆಟ್ಟಿಲನ್ನು ತಗ್ಗಿಸುತ್ತದೆ, ಅನುಪಾತವನ್ನು ಬದಲಿಸುವುದಿಲ್ಲ. ಉಸಿರು ಬಿಗಿಹಿಡಿದು ಒಂದೆರಡು ಸಲ ಮುಳುಗಿ ಏಳುವ ಈಜುಗಾರರನ್ನು ಇಲ್ಲಿ ಸಾಕ್ಷಿಗೆ ಕರೆಯುವುದೂ ಸಲ್ಲ. ಅವರು ನೀರಿನಡಿ ಒತ್ತಿದ ಗಾಳಿಯನ್ನು ಸೇವಿಸುವುದೇ ಇಲ್ಲ.

ಸ್ಕೂಬಾ ತರಬೇತಿ ಸಂಸ್ಥೆಗಳು 300 ಮೀಟರಿನಿಂದಲೇ 'ಎತ್ತರ' ಎಂದು ಎಣಿಸುತ್ತವೆ. ಆ ಅಳತೆಯಲ್ಲಿ ಕನ್ನಂಬಾಡಿಯಷ್ಟೇ ಅಲ್ಲ, 890.58 ಮೀಟರಿನ ಗೊರೂರು ಹೇಮಾವತಿ, 696.13 ಮೀಟರಿನ ಕಬಿನಿ, ಎಲ್ಲವೂ ಎತ್ತರದ ನೀರೇ. ಮುರುಡೇಶ್ವರದ ನೇತ್ರಾಣಿಯಲ್ಲಿ ಬೆಳಿಗ್ಗೆ ಮುಳುಗಿ ಸಂಜೆಯೇ ಘಟ್ಟ ಹತ್ತಿ ಕೆ. ಆರ್. ಪೇಟೆಗೆ ಹೊರಡುವ ಹುಡುಗನಿಗೂ ಅದೇ 1908ರ ಅನುಪಾತ ಅನ್ವಯಿಸುತ್ತದೆ. ಕಾರಿನಲ್ಲಿ ಕೂತೇ ಅವನು ಮತ್ತೊಮ್ಮೆ ಮೇಲೇರುತ್ತಿರುತ್ತಾನೆ.