ಗಾಬರಿಯ ಎದೆಬಡಿತ, ಪ್ರಣಯದ ಎದೆಬಡಿತ

ಪ್ಯಾನಿಕ್ ದಾಳಿಯಲ್ಲಿ ಎದೆ ಢವಗುಟ್ಟುತ್ತದೆ, ಉಸಿರು ಸಾಲದೆನಿಸುತ್ತದೆ, ಮೈ ಬೆವರುತ್ತದೆ. ಲೈಂಗಿಕ ಮಿಲನದಲ್ಲೂ ಹೆಚ್ಚುಕಡಿಮೆ ಆಗುವುದು ಇದೇ. ಹಾಗಾಗಿ ದಾಳಿಗೆ ಅಂಜಿದವರು ಲಿಫ್ಟು, ಬಸ್ಸುಗಳ ಜೊತೆಗೆ ಸಂಗಾತಿಯ ಸ್ಪರ್ಶವನ್ನೂ ಮೆಲ್ಲಗೆ ದೂರವಿಡತೊಡಗುತ್ತಾರೆ. ಇಷ್ಟು ಸರಳ ಸಂಗತಿಯನ್ನು ಹಿಡಿಯಲು ಮನೋವೈದ್ಯಕೀಯ ಬಲು ಸುತ್ತಿಬಳಸಿ ಬರಬೇಕಾಯಿತು.

1895ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಆತಂಕದ ದಾಳಿಗಳನ್ನು ನರದೌರ್ಬಲ್ಯದಿಂದ ಬೇರ್ಪಡಿಸಿ ವಿವರಿಸಿದ. ಆ ವಿವರಣೆಯನ್ನು ಇಂದಿನ ವೈದ್ಯರೂ ಒಪ್ಪಿಯಾರು. ಆದರೆ ಕಾರಣ ಹೇಳುವಾಗ ಅರ್ಧಕ್ಕೆ ನಿಂತ ಸಂಭೋಗ, ತಣಿಯದ ಕಾಮ ಎಂದುಬಿಟ್ಟ. 1960ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಡೊನಾಲ್ಡ್ ಕ್ಲೈನ್, ಇಮಿಪ್ರಮಿನ್ ಮಾತ್ರೆ ಈ ದಾಳಿಗಳನ್ನು ತಡೆಯುವುದನ್ನು ಕಂಡರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪ್ಯಾನಿಕ್ ಡಿಸಾರ್ಡರನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಮಾಡಿತು. ಫ್ರಾಯ್ಡ್ ಎಲ್ಲದಕ್ಕೂ ಕಾಮವನ್ನೇ ದೂರಿದ್ದ. ನಂತರದವರು ಆ ಮಾತನ್ನೇ ಎತ್ತಲಿಲ್ಲ. ರೋಗಿಗೆ ಎರಡರಿಂದಲೂ ದಕ್ಕಿದ್ದು ಕಡಿಮೆ.

ಅತ್ತ ಲೈಂಗಿಕ ಚಿಕಿತ್ಸೆ ತನ್ನ ಪಾಡಿಗೆ ಬೆಳೆಯುತ್ತಿತ್ತು. 1966ರಲ್ಲಿ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್, ಸುಖದ ತುತ್ತತುದಿಯಲ್ಲಿ ಎದೆಬಡಿತ ನಿಮಿಷಕ್ಕೆ 110ರಿಂದ 180ರವರೆಗೆ ಏರುವುದನ್ನು ದಾಖಲಿಸಿದರು. ಪ್ಯಾನಿಕ್ ರೋಗಿಗೆ ಇದಕ್ಕಿಂತ ಧೈರ್ಯ ಕೊಡುವ ಅಂಕಿ ಬೇರೆ ಬೇಕಿಲ್ಲ, ಆದರೆ ಅದನ್ನು ಯಾರೂ ಅವರಿಗೆ ಮುಟ್ಟಿಸಲಿಲ್ಲ. 1970ರಲ್ಲಿ ಇದೇ ಜೋಡಿ ಸ್ಪರ್ಶಾಭ್ಯಾಸವನ್ನು ರೂಪಿಸಿತು: ಆರಂಭದಲ್ಲಿ ಸಂಭೋಗಕ್ಕೇ ನಿಷೇಧ, ಗುರಿಯಿಲ್ಲದೆ ಮುಟ್ಟುವುದಷ್ಟೇ. ತನ್ನ ಮೈಯನ್ನು ತಾನೇ ಪ್ರೇಕ್ಷಕನಂತೆ ನಿಂತು ನೋಡುವ ಚಾಳಿಯೇ ಸುಖವನ್ನು ಕೆಡಿಸುತ್ತದೆ ಎಂಬುದು ಅವರ ವಾದ.

ಎರಡು ದಾರಿಗಳು ಹತ್ತಿರವಾದದ್ದು ಎಂಬತ್ತರ ದಶಕದಲ್ಲಿ. 1986ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಕ್ಲಾರ್ಕ್, ದೇಹದ ಸಹಜ ಸೂಚನೆಗಳನ್ನು ಸಾವಿನಂಥ ಅನಾಹುತದ ಸೂಚನೆಯೆಂದು ಓದಿಕೊಳ್ಳುವುದೇ ಪ್ಯಾನಿಕ್‌ನ ತಿರುಳು ಎಂದರು. ಅಮೆರಿಕದ ಡೇವಿಡ್ ಬಾರ್ಲೋ ಎರಡೂ ಕಡೆ ಕೆಲಸ ಮಾಡಿದವರು. ತಿರುಗುವ ಕುರ್ಚಿ, ಸಣ್ಣ ಕೊಳವೆಯ ಮೂಲಕ ಉಸಿರಾಟ, ಮೆಟ್ಟಿಲೋಟ ಇವುಗಳಿಂದ ತಲೆಸುತ್ತು, ಏದುಸಿರು, ಎದೆಬಡಿತಗಳನ್ನು ಬೇಕೆಂದೇ ತರಿಸಿ, ಏನೂ ಆಗದೆಂದು ರೋಗಿಯ ಮೈಗೇ ಕಲಿಸುವ ಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ಅವರ ತಂಡದ 1983ರ ಪ್ರಯೋಗವೊಂದರಲ್ಲಿ ವಿದ್ಯುತ್ ಶಾಕ್‌ನ ಬೆದರಿಕೆ ಲೈಂಗಿಕ ತೊಂದರೆಯಿಲ್ಲದ ಗಂಡಸರ ಉದ್ರೇಕವನ್ನು ಕುಗ್ಗಿಸುವ ಬದಲು ಹೆಚ್ಚಿಸಿತ್ತು! ಅಂದರೆ ಕೆಡಿಸುವುದು ಏರಿದ ಎದೆಬಡಿತವಲ್ಲ, ಅದರತ್ತ ಓಡುವ ಗಮನ. 1987ರಲ್ಲಿ ಲೈಂಗಿಕ ಚಿಕಿತ್ಸಕಿ ಹೆಲೆನ್ ಕಪ್ಲಾನ್ ಲೈಂಗಿಕ ಜಿಗುಪ್ಸೆ ಮತ್ತು ಪ್ಯಾನಿಕ್ ಎರಡನ್ನೂ ಒಂದೇ ಪುಸ್ತಕದಲ್ಲಿ ತಂದು, ಮಾತ್ರೆ ಮತ್ತು ಲೈಂಗಿಕ ಚಿಕಿತ್ಸೆಯನ್ನು ಬೆಸೆದರು.

ಅಷ್ಟರಲ್ಲಿ ಹೊಸ ತೊಡಕು ಬಂತು. ಇಂದು ಪ್ಯಾನಿಕ್‌ಗೆ ಮೊದಲು ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ದಾಳಿಯನ್ನು ತಗ್ಗಿಸುತ್ತವೆ. ಹಲವರಲ್ಲಿ ಆಸೆಯನ್ನೂ ತಗ್ಗಿಸುತ್ತವೆ, ಪರಾಕಾಷ್ಠೆಯನ್ನು ತಡಮಾಡುತ್ತವೆ. ರೋಗಿ ನಾಚಿಕೆಯಿಂದ ಹೇಳುವುದಿಲ್ಲ, ಡಾಕ್ಟರು ಅವಸರದಲ್ಲಿ ಕೇಳುವುದಿಲ್ಲ; ಮಾತ್ರೆ ಸದ್ದಿಲ್ಲದೆ ನಿಂತುಹೋಗುತ್ತದೆ, ದಾಳಿ ಮರಳುತ್ತದೆ. ಡೋಸ್ ಇಳಿಸುವುದು, ಔಷಧಿ ಬದಲಿಸುವುದು ಸಾಧ್ಯವಿದೆ, ಆದರೆ ವೈದ್ಯರ ಜೊತೆ ಮಾತಾಡಿಯೇ. ಗಂಡಸರು ನಿಮಿರುವಿಕೆಗೆಂದು ಅಂಗಡಿಯಿಂದ ತಾವೇ ತರುವ ಸಿಲ್ಡೆನಾಫಿಲ್ ಮಾತ್ರೆ ಮುಖ ಬಿಸಿಯಾಗಿಸಿ, ಕೆಲವರಲ್ಲಿ ಎದೆಬಡಿತ ಹೆಚ್ಚಿಸಿ ಹೊಸ ಗಾಬರಿ ತಂದೀತು. ಹೃದ್ರೋಗಕ್ಕೆ ನೈಟ್ರೇಟ್ ತೆಗೆದುಕೊಳ್ಳುವವರಿಗಂತೂ ಅದು ಅಪಾಯ.

ಈಗಿನ ಚಿಕಿತ್ಸಕರು ಮೊದಲು ಥೈರಾಯ್ಡ್, ಹೃದಯದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ಮೆಟ್ಟಿಲೋಟದಿಂದ ಹಾಸಿಗೆಯವರೆಗೆ ಹಂತಹಂತದ ಅಭ್ಯಾಸ. ನಡುವೆ ದಾಳಿ ಬಂದರೆ ಎದ್ದು ಓಡದೆ, ಮುಂಚೆ ಮಾತಾಡಿಕೊಂಡಂತೆ ಸಂಗಾತಿಗೆ ಸನ್ನೆಮಾಡಿ, ಪಕ್ಕದಲ್ಲೇ ಇದ್ದು ಅದು ಇಳಿಯುವವರೆಗೆ ಕಾಯುವುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತಾರಕಕ್ಕೇರಿ ಇಳಿಯತೊಡಗುತ್ತದೆ. ಮುಂದುವರಿಯಬೇಕೋ ಬೇಡವೋ ಎಂಬುದು ಇಬ್ಬರಿಗೂ ಬಿಟ್ಟದ್ದು.

ನಮ್ಮಲ್ಲಿ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಹೆಸರಿಟ್ಟ ಧಾತ್ ಸಿಂಡ್ರೋಮಿನಿಂದ, ಅಂದರೆ ವೀರ್ಯ ನಷ್ಟವಾಗುತ್ತಿದೆಯೆಂಬ ಆತಂಕದಿಂದ, ಗಂಡಸರ ಲೈಂಗಿಕ ಆತಂಕಕ್ಕೆ ಕ್ಲಿನಿಕ್ಕಿನಲ್ಲಿ ಒಂದು ಜಾಗ ಸಿಕ್ಕಿತು. ಹೆಂಗಸರು ಎದೆಬಡಿತ, ಸುಸ್ತು ಎಂದಷ್ಟೇ ಹೇಳಿ ಹೊರಡುತ್ತಾರೆ. ಎದುರು ಕೂತು ಹೇಳಲು ಸಂಕೋಚವಿದ್ದವರಿಗೆ 2022ರಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು, ಸಂಖ್ಯೆ 14416.