ಗ್ರೋ ಲೈಟ್: ಗಿಡಗಳಿಗೆ ದೀಪ ಹಚ್ಚಿದ ಚರಿತ್ರೆ

ಬಿಸಿಲು ಬೀಳದ ಕಡೆ ಗಿಡ ಬೆಳೆಸಲು, ಇಲ್ಲವೇ ಹೂ ಬಿಡುವ ಕಾಲವನ್ನು ಹಿಂದುಮುಂದು ಮಾಡಲು ಹಚ್ಚುವ ವಿದ್ಯುದ್ದೀಪಕ್ಕೆ ಗ್ರೋ ಲೈಟ್ ಎಂದು ಹೆಸರು. ಈಗ ಪೇಟೆಯಲ್ಲಿ ಸಿಗುವವು ಬಹುಪಾಲು ಎಲ್‌ಇಡಿ ದೀಪಗಳು. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಆರ್ಕ್ ದೀಪ, ಬುರುಡೆ ಬಲ್ಬು, ಟ್ಯೂಬ್‌ಲೈಟು, ಸೋಡಿಯಂ ದೀಪ, ಎಲ್‌ಇಡಿ ಎಂದು ಒಂದೇ ಎಳೆಯಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ಗಿಡಕ್ಕೆ ಬೆಳಕು ಅನ್ನವೂ ಹೌದು, ಋತು ಯಾವುದೆಂದು ತಿಳಿಸುವ ಸುಳಿವೂ ಹೌದು. ಮೊದಲನೆಯದಕ್ಕೆ ಬೆಳಕು ರಾಶಿಗಟ್ಟಲೆ ಬೇಕು, ಎರಡನೆಯದಕ್ಕೆ ಚಿಟಿಕೆಯಷ್ಟು ಸಾಕು. ಈ ಎರಡು ಚರಿತ್ರೆಗಳನ್ನು ಬಿಡಿಸಿ ನೋಡಿದಾಗ ಮಾತ್ರ ಸುರಪುರ ತಾಲ್ಲೂಕಿನ ಬೋನಾಳದಂಥ ಬಿಸಿಲ ಸೀಮೆಯಲ್ಲಿ ಈ ದೀಪ ಎಲ್ಲಿ ಲಾಭ, ಎಲ್ಲಿ ದಂಡ ಎಂಬುದು ತಿಳಿಯುತ್ತದೆ.

ಅನ್ನದ ಚರಿತ್ರೆ ಬಿಸಿಲು ಕಡಿಮೆಯಿರುವ ನಾಡುಗಳದು. 1861ರಲ್ಲಿ ಫ್ರಾನ್ಸಿನ ಎರ್ವೆ ಮಾಂಗೋನ್ ವಿದ್ಯುತ್ ಬೆಳಕಿನಲ್ಲೂ ಎಳೆ ಸಸಿ ಹಸಿರಾಗುತ್ತದೆಂದು ತೋರಿಸಿದ. 1880ರಲ್ಲಿ ಇಂಗ್ಲೆಂಡಿನ ವಿಲಿಯಂ ಸೀಮೆನ್ಸ್ ಆರ್ಕ್ ದೀಪದಡಿ ಗಿಡ ಬೆಳೆಸಿದ ಪ್ರಯೋಗಗಳನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಬತ್ತಲೆ ಆರ್ಕ್ ಎಲೆಯನ್ನು ಸುಡುತ್ತಿತ್ತು. ಗಾಜು ಅಡ್ಡವಿಟ್ಟರೆ ಸುಡುತ್ತಿರಲಿಲ್ಲ. 1890ರ ದಶಕದಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಲಿಬರ್ಟಿ ಹೈಡ್ ಬೈಲಿ ಇದೇ ಕೆಲಸ ಮುಂದುವರಿಸಿದರು. ಡಿಸೆಂಬರಿನಲ್ಲಿ ಲಂಡನ್ನಿನ ಹಗಲು 8 ಗಂಟೆಯೂ ಇರುವುದಿಲ್ಲ. ಅಂಥಲ್ಲಿ ಗಾಜಿನ ಮನೆಯೊಳಗೆ ದೀಪ ಹಚ್ಚುವ ಯೋಚನೆ ಹುಟ್ಟಿದ್ದು ಸಹಜವೇ. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರೂ ಅದು ಗಿಡದ ತನಕ ಬರಲು ಸುಮಾರು ಮೂರು ದಶಕ ಹಿಡಿಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಂಪು ಎಲ್‌ಇಡಿ ಮತ್ತು ನೀಲಿ ಟ್ಯೂಬ್‌ಲೈಟಿನಡಿ ಲೆಟಿಸ್ ಬೆಳೆಸಿದ ವರದಿ ಬಂದದ್ದು 1991ರಲ್ಲಿ. ಅದರ ಹಿಂದೆ ಇದ್ದದ್ದು ಬಾಹ್ಯಾಕಾಶದಲ್ಲಿ ಗಿಡ ಬೆಳೆಸುವ ಅಗತ್ಯ. ಪ್ರಖರ ನೀಲಿ ಎಲ್‌ಇಡಿಯನ್ನು ಶುಜಿ ನಕಮುರಾ 1993ರಲ್ಲಿ ಸಾಧಿಸಿದರು. ಅಕಾಸಾಕಿ, ಅಮಾನೊ ಅವರೊಂದಿಗೆ 2014ರ ನೊಬೆಲ್ ಅವರಿಗೆ ಸಂದಿತು. 2015ರ ಆಗಸ್ಟಿನಲ್ಲಿ ಗಗನಯಾತ್ರಿಗಳು ಎಲ್‌ಇಡಿ ಬೆಳಕಿನಲ್ಲಿ ಬೆಳೆದ ಲೆಟಿಸ್ ತಿಂದರು. 2024ರ ಡಿಸೆಂಬರಿನಲ್ಲಿ ಇಸ್ರೊ ಪಿಎಸ್‌ಎಲ್‌ವಿ-ಸಿ60ರಲ್ಲಿ ಕಳಿಸಿದ ಪುಟ್ಟ ಪೆಟ್ಟಿಗೆಯಲ್ಲಿ ಅಲಸಂದೆ ಮೊಳೆತು ಎಲೆ ಬಿಟ್ಟಿತು. (ಬರೀ ಮೊಳಕೆಗೆ ದೀಪ ಬೇಕಿಲ್ಲ, ಕಾಳಿನಲ್ಲೇ ಬುತ್ತಿ ಇರುತ್ತದೆ; ಬೆಳಕಿನ ಲೆಕ್ಕ ಶುರುವಾಗುವುದು ಎಲೆ ಬಂದ ಮೇಲೆ.)

ಸುಳಿವಿನ ಚರಿತ್ರೆ ಶುರುವಾದದ್ದು ತಂಬಾಕಿನಿಂದ. ವಾಷಿಂಗ್ಟನ್ ಬಳಿಯ ಹೊಲದಲ್ಲಿ ಒಂದು ತಳಿಯ ತಂಬಾಕು ಬೇಸಿಗೆಯಿಡೀ ಎತ್ತರಕ್ಕೆ ಬೆಳೆಯುತ್ತಿತ್ತೇ ಹೊರತು ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಮಾತ್ರ ಹೂವಾಗುತ್ತಿತ್ತು. ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ಗಿಡಗಳನ್ನು ಕತ್ತಲೆಯ ಗೂಡಿಗೆ ಸೇರಿಸಿ, ಹೊರಗಿಟ್ಟು ಪರೀಕ್ಷಿಸಿ, ಹಗಲಿನ ಉದ್ದವೇ ಕಾರಣವೆಂದು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಆರಿಸಿಕೊಂಡದ್ದು ನಮ್ಮ ಬೀಳು ಹೊಲಗಳಲ್ಲೂ ಬೆಳೆದು ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಮರುಳುಮತ್ತಿಯನ್ನು. ಅದು ಎಣಿಸುತ್ತಿದ್ದುದು ಇರುಳನ್ನು. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಬೆಳಗಿದರೂ ಹೂ ಬಿಡುವುದು ತಪ್ಪುತ್ತಿತ್ತು. 1952ರಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಜೊತೆಗಾರರು ಕೆಂಪು ಬೆಳಕು ಕೊಟ್ಟ ಆಜ್ಞೆಯನ್ನು ದೂರದ ಕೆಂಪು (ಫಾರ್-ರೆಡ್) ಬೆಳಕು ಹಿಂತೆಗೆಯುತ್ತದೆಂದು ತೋರಿಸಿದರು.

ಕರ್ನಾಟಕದ ಹೊಲಗಳಲ್ಲಿ ದುಡ್ಡು ತಂದದ್ದು ಈ ಎರಡನೆಯ ಚರಿತ್ರೆ. ಚಿಕ್ಕಬಳ್ಳಾಪುರದ ಕಡೆ, ಗಡಿಯಾಚೆ ಹೊಸೂರಿನ ಕಡೆ ಸೇವಂತಿಗೆ ಹೊಲಗಳ ಮೇಲೆ ರಾತ್ರಿ ಸಾಲು ಬಲ್ಬುಗಳು ಉರಿಯುವುದು ಇದಕ್ಕೇ. ಸೇವಂತಿಗೆ ಇರುಳು ಉದ್ದವಾದಾಗ ಮೊಗ್ಗಾಗುವ ಗಿಡ. ನಾಟಿಯ ನಂತರ ಕೆಲವು ವಾರ ಇರುಳನ್ನು ತುಂಡರಿಸಿದರೆ ಗಿಡ ಎತ್ತರಕ್ಕೆ ಬೆಳೆದು ಕವಲೊಡೆಯುತ್ತದೆ, ಆಮೇಲೆ ಹೂವಿಗೆ ಬಿಡಬಹುದು. ಅಗ್ಗದ ಎಲ್‌ಇಡಿ ಇದನ್ನು ಸುಲಭ ಮಾಡಿತು. ಕೇಂದ್ರದ ಉಜಾಲಾ ಯೋಜನೆಗೆ ಬಲ್ಬು ಕೊಳ್ಳುವ ಸಗಟು ಬೆಲೆ 2014ರ 310 ರೂಪಾಯಿಯಿಂದ 2016ರಲ್ಲಿ 38ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದೇ ಯೋಜನೆ 2015ರ ಡಿಸೆಂಬರಿನಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಅನ್ನದ ದೀಪಕ್ಕೂ ಇಲ್ಲಿ ಒಂದು ಜಾಗವಿದೆ. ಜಿ-9 ಬಾಳೆಯಂಥ ಅಂಗಾಂಶ ಕೃಷಿಯ ಸಸಿಗಳು ಬಾಟಲಿಯೊಳಗೆ, ಮುಚ್ಚಿದ ಕೋಣೆಯ ಕಪಾಟಿನಲ್ಲಿ, ದಿನಕ್ಕೆ 16 ಗಂಟೆಯಷ್ಟು ದೀಪದಡಿ ಬೆಳೆಯುತ್ತವೆ. ಅಲ್ಲಿ ಬೇಕಾದ ಬೆಳಕು ಕಡಿಮೆ, ಸಸಿಯ ಬೆಲೆ ಹೆಚ್ಚು; ಲೆಕ್ಕ ಹೊಂದುತ್ತದೆ.

ಬೋನಾಳದ ಸುತ್ತಿನ ತೊಗರಿ, ಹತ್ತಿ, ಭತ್ತಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ, ಅತಿ ದೊಡ್ಡದು 13. ವರ್ಷದ ಸರಾಸರಿಯಲ್ಲಿ ಒಂದು ಚದರ ಮೀಟರ್ ನೆಲಕ್ಕೆ ದಿನವೂ ಸೂರ್ಯ 5 ಯೂನಿಟ್‌ಗಿಂತ ಹೆಚ್ಚು ಶಕ್ತಿಯನ್ನು ಬಿಟ್ಟಿಯಾಗಿ ಸುರಿಯುತ್ತಾನೆ. ಅದರಲ್ಲಿ ಗಿಡ ಬಳಸಬಲ್ಲ ಪಾಲನ್ನಷ್ಟೇ ಒಳ್ಳೆಯ ಎಲ್‌ಇಡಿಯಿಂದ ಕೊಡಬೇಕೆಂದರೂ ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಒಂದು ಎಕರೆಗೆ ಅದು ದಿನಕ್ಕೆ 16,000 ಯೂನಿಟ್ ಆಗುತ್ತದೆ. ಸೇವಂತಿಗೆಯ ಇರುಳು ಮುರಿಯಲು ಇದರ ಅತಿ ಸಣ್ಣ ಪಾಲು ಸಾಕು. ಸೌರ ಫಲಕ ಹಾಕಿಕೊಂಡರಾಯಿತಲ್ಲ ಎಂಬ ಮಾತು ಇದಕ್ಕೆ ಎದುರಾಗಿ ಬರುತ್ತದೆ. ಫಲಕ ಬಿಸಿಲಿನ ಐದನೇ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತದೆ, ಅಂದರೆ ಚದರ ಮೀಟರಿಗೆ ದಿನಕ್ಕೆ ಒಂದು ಯೂನಿಟ್. ಒಂದು ಎಕರೆ ಬೆಳೆಗೆ ನಾಲ್ಕು ಎಕರೆ ಫಲಕ ಹಾಸುವ ಬದಲು ಆ ನಾಲ್ಕೆಕರೆಯಲ್ಲೇ ಬಿತ್ತುವುದು ಮೇಲು. ಮೇ ತಿಂಗಳ ಬಿಸಿಲಿಗೆ ಸಸಿ ಸುಟ್ಟುಹೋಗುವುದಿಲ್ಲವೇ ಎಂದು ಕೇಳಿದರೆ, ಹೌದು, ಸುಡುತ್ತದೆ. ಅದಕ್ಕೆ ಮದ್ದು ನೆರಳು ಬಲೆ. ನಗರದ ಹೋಟೆಲುಗಳಿಗೆ ದುಬಾರಿ ಸೊಪ್ಪು ಮಾರುವವರಿಗೆ, ನೀರು ಉಳಿಯುವ ಕಾರಣಕ್ಕೂ ಸೇರಿ, ಮುಚ್ಚಿದ ಕೋಣೆಯ ಬೇಸಾಯ ಗಿಟ್ಟಬಹುದು. ಕಾಳು ಬೆಳೆಯುವವರಿಗೆ ಗಿಟ್ಟದು.

ಮನೆಯೊಳಗಿನ ಕುಂಡದ ಮಾತು ಬೇರೆ. ಈ ಸೀಮೆಯ ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಬೆಳಕಿಂಡಿಯ ಕೆಳಗನ್ನು ಬಿಟ್ಟರೆ ಒಳಗೆಲ್ಲ ಮಬ್ಬು. ನಮ್ಮ ಕಣ್ಣು ಆ ಮಬ್ಬಿಗೆ ಹೊಂದಿಕೊಳ್ಳುತ್ತದೆ, ಎಲೆ ಹೊಂದಿಕೊಳ್ಳದು. ಇಲ್ಲಿ ದೀಪ ಕೊಳ್ಳುವವರನ್ನು ಹೆಚ್ಚು ದಾರಿ ತಪ್ಪಿಸುವುದು ನೇರಳೆ ಬಣ್ಣ. ಗಿಡಕ್ಕೆ ಕೆಂಪು, ನೀಲಿ ಮಾತ್ರ ಸಾಕೆಂಬ ನಂಬಿಕೆಯಿಂದ ಅಂಥ ದೀಪಗಳು ಬಂದವು. ಆದರೆ 1972ರಲ್ಲೇ ಕೀತ್ ಮೆಕ್ರೀ ಅನೇಕ ಬೆಳೆಗಳ ಎಲೆಗಳನ್ನು ಅಳೆದು, 400ರಿಂದ 700 ನ್ಯಾನೊಮೀಟರ್‌ವರೆಗಿನ ಎಲ್ಲ ಬಣ್ಣಗಳೂ, ಹಸಿರೂ ಸೇರಿ, ಬಳಕೆಯಾಗುತ್ತವೆಂದು ತೋರಿಸಿದ್ದರು. ಬಿಳಿ ಎಲ್‌ಇಡಿ ಧಾರಾಳ ಸಾಕು. ಎಲೆಗೆ ರೋಗ ಬಂದರೆ ಅದರ ಬೆಳಕಿನಲ್ಲಿ ಕಾಣಿಸುತ್ತದೆ ಕೂಡ. ನೋಡಬೇಕಾದದ್ದು ಪ್ರಮಾಣ. 9 ವ್ಯಾಟಿನ ಬಲ್ಬು ಸುಮಾರು 900 ಲುಮೆನ್ ಕೊಡುತ್ತದೆ, ಗಿಡದ ಲೆಕ್ಕದಲ್ಲಿ, ಅಂದರೆ ಬೆಳಕಿನ ಕಣಗಳ ಎಣಿಕೆಯಲ್ಲಿ, ಸೆಕೆಂಡಿಗೆ 13 ಮೈಕ್ರೊಮೋಲ್‌ನಷ್ಟು. ಮನಿ ಪ್ಲಾಂಟಿಗೆ ಅಂಥ ಒಂದೆರಡು ಬಲ್ಬು, ಮೇಲೊಂದು ತಗಡಿನ ಮುಚ್ಚಳ, ಒಂದು ಗೇಣಿನ ಅಂತರ ಇದ್ದರೆ ಆಯಿತು. ಒಂದು ಚದರ ಮೀಟರ್ ತಟ್ಟೆಯಲ್ಲಿ ಕೊತ್ತಂಬರಿ ಚೆನ್ನಾಗಿ ಬರಬೇಕಾದರೆ ಅಂಥವು 18 ಬೇಕು, ದಿನಕ್ಕೆ 14 ಗಂಟೆ ಉರಿಯಬೇಕು: 2.3 ಯೂನಿಟ್. ಅದೇ ತಟ್ಟೆಯನ್ನು ಮಾಳಿಗೆಗೆ ಒಯ್ದು ನೆರಳು ಬಲೆಯ ಕೆಳಗಿಟ್ಟರೆ ಒಂದು ಪೈಸೆಯೂ ಇಲ್ಲ. ಕೊಳ್ಳುವುದಾದರೆ ಡಬ್ಬಿಯ ಮೇಲೆ ‘ಇಷ್ಟು ವ್ಯಾಟಿಗೆ ಸಮ’ ಎಂದು ಬರೆದದ್ದನ್ನು ಬಿಟ್ಟು, ನಿಜವಾಗಿ ಎಳೆಯುವ ವ್ಯಾಟನ್ನೂ ಪ್ರತಿ ವ್ಯಾಟಿಗೆ ಕೊಡುವ ಮೈಕ್ರೊಮೋಲನ್ನೂ ಕೇಳಬೇಕು. ಮಾಡಿಕೊಳ್ಳುವುದಾದರೆ ಎಲ್‌ಇಡಿ ಪಟ್ಟಿ, ಅಲ್ಯೂಮಿನಿಯಂ ಪಟ್ಟಿ, ವಿದ್ಯುತ್ತನ್ನು ಎಲ್‌ಇಡಿಗೆ ಹೊಂದಿಸಿ ಕೊಡುವ ಡ್ರೈವರ್ ಮೂರೇ ಸಾಮಾನು. ವೋಲ್ಟೇಜು ಏರಿಳಿಯುವ ಊರಲ್ಲಿ ಮೊದಲು ಕೆಡುವುದು ಡ್ರೈವರ್, ಅದನ್ನು ಮಾತ್ರ ಅಗ್ಗದ್ದು ತರಬಾರದು.

ಬೋನಾಳಕ್ಕೆ ಇನ್ನೊಂದು ಲೆಕ್ಕವೂ ಇದೆ. ಸುರಪುರದ ನಾಯಕರ ಕಾಲದ ಇಲ್ಲಿಯ ಕೆರೆ ಈಗ ಪಕ್ಷಿಧಾಮ. ಚಳಿಗಾಲಕ್ಕೆ ವಲಸೆ ಹಕ್ಕಿಗಳು ಬರುತ್ತವೆ. 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಪಂಜರದ ಹಕ್ಕಿಗಳಿಗೆ ಸಂಜೆ ಬಲ್ಬು ಹಚ್ಚಿ ಹಗಲು ಹಿಗ್ಗಿಸಿದಾಗ, ಕೊರೆಯುವ ಚಳಿಯಲ್ಲೂ ಅವುಗಳ ಮೈ ವಸಂತದ ಸ್ಥಿತಿಗೆ ಬಂದಿತ್ತು. ಹಕ್ಕಿಯೂ ಸೇವಂತಿಗೆಯ ಹಾಗೆ ಬೆಳಕಿನಿಂದಲೇ ಕಾಲ ಅಳೆಯುತ್ತದೆ. ಸೇವಂತಿಗೆ ದೀಪ ಈ ಕಡೆಗೂ ಬರುವುದಾದರೆ, ಹಕ್ಕಿಗಳು ಬಂದಿರುವ ತಿಂಗಳುಗಳಲ್ಲಿ ಕೆರೆಗೆ ಹತ್ತಿದ ಹೊಲಗಳಲ್ಲಿ ಅದನ್ನು ಹಚ್ಚಬಾರದು.